ಸೂಜಿಯಲ್ಲಿ ಬರುವ ಗುರುತು: ಪೆಟ್ ಸ್ಕ್ಯಾನ್, ಬೋನ್ ಸ್ಕ್ಯಾನ್‌ಗೆ ಹೋಗುವ ಮುನ್ನ

ಡಾಕ್ಟರು ನಿಮ್ಮ ಚೀಟಿಯ ಮೇಲೆ ಪೆಟ್ ಸ್ಕ್ಯಾನ್ ಅಥವಾ ಬೋನ್ ಸ್ಕ್ಯಾನ್ ಎಂದು ಬರೆದುಕೊಟ್ಟಿದ್ದಾರೆ. ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಿ ಮಾಡಿಸಿಕೊಂಡು ಬರಬೇಕು. ಅಲ್ಲಿ ಕೈಗೆ ಒಂದು ಸೂಜಿ ಹಾಕುತ್ತಾರೆ, ಅದರಲ್ಲಿ ವಿಕಿರಣ ಸೂಸುವ ಔಷಧ ಇರುತ್ತದೆ ಎಂದು ಯಾರೋ ಹೇಳಿದ್ದಾರೆ. ಅಂದಿನಿಂದ ಮನೆಯವರಿಗೆ ನಿದ್ದೆ ಇಲ್ಲ. ವಿಕಿರಣ ಎಂದ ಕೂಡಲೇ ಕೆಲವರಿಗೆ ಹಿರೋಶಿಮಾ ನೆನಪಾಗುತ್ತದೆ, ಕೆಲವರಿಗೆ ಕೈಗಾ ನೆನಪಾಗುತ್ತದೆ. "ಅಕ್ಕಾರ, ಇರೋ ರೋಗಾ ಸಾಲದಂತ ಇನ್ನೊಂದು ಹಚ್ಚಿಕೊಂಡು ಬರೂದೇನ್ರೀ?" ಎಂದು ಬೈಲಹೊಂಗಲದ ಕಡೆಯ ಒಬ್ಬ ತಾಯಿ ನನ್ನನ್ನು ನೇರವಾಗಿಯೇ ಕೇಳಿದರು. ಕೇಳಿದ್ದು ಒಳ್ಳೆಯದಾಯಿತು. ಕೇಳದೆ ಮನಸ್ಸಿನಲ್ಲಿಟ್ಟುಕೊಂಡು ತಾರೀಖು ತಪ್ಪಿಸುವವರೇ ಹೆಚ್ಚು.

ಮೊದಲು ಒಂದು ಸಣ್ಣ ಮಾತು. ಇದು ಹಿಂದಿಯ ಪೇಟ್, ಅಂದರೆ ಹೊಟ್ಟೆ ಅಲ್ಲ. ಗಂಟಲಿನಲ್ಲಿ ಗಂಟಿದ್ದ ಹಿರಿಯರೊಬ್ಬರು "ನನಗ ಹೊಟ್ಟಿ ನೋವಾ ಇಲ್ಲ, ಹೊಟ್ಟಿ ಸ್ಕ್ಯಾನ್ ಯಾಕ?" ಎಂದು ಚೀಟಿ ಮಡಚಿ ಕಿಸೆಗೆ ಇಟ್ಟುಕೊಂಡಿದ್ದರು. ಪೆಟ್ ಎನ್ನುವುದು ಇಂಗ್ಲಿಷಿನ ಮೂರು ಶಬ್ದಗಳ ಮೊದಲ ಅಕ್ಷರ. ಸಾಮಾನ್ಯವಾಗಿ ತಲೆಯ ಕೆಳಭಾಗದಿಂದ ತೊಡೆಯವರೆಗೆ ಒಂದೇ ಸಲಕ್ಕೆ ನೋಡುವ ಪರೀಕ್ಷೆ ಇದು.

ಗುರುತು ಹಚ್ಚಿ ಹುಡುಕುವ ವಿದ್ಯೆ

ಎಕ್ಸ್‌ರೇ ಮತ್ತು ಸಿ.ಟಿ. ಸ್ಕ್ಯಾನ್ ಗಂಟಿನ ಆಕಾರ ತೋರಿಸುತ್ತವೆ. ಆದರೆ ಆ ಗಂಟು ಜೀವಂತವಾಗಿ ಬೆಳೆಯುತ್ತಿದೆಯೋ, ಸತ್ತು ಗಾಯದ ಕಲೆಯಂತೆ ಉಳಿದಿದೆಯೋ ಎಂಬುದು ಆಕಾರದಿಂದ ಯಾವಾಗಲೂ ಗೊತ್ತಾಗುವುದಿಲ್ಲ. ಅದಕ್ಕಾಗಿ ದೇಹದೊಳಗೆ ಒಂದು ಗುರುತಿನ ವಸ್ತು ಕಳಿಸಿ, ಅದು ಎಲ್ಲಿ ಹೋಗಿ ಕೂಡುತ್ತದೆ ಎಂದು ಹೊರಗಿನಿಂದ ನೋಡುತ್ತಾರೆ. ಈ ಗುರುತಿನ ವಸ್ತುವಿಗೆ ಟ್ರೇಸರ್ ಎನ್ನುತ್ತಾರೆ.

ಈ ಉಪಾಯ ಹೊಳೆದದ್ದು ಹಂಗೇರಿ ದೇಶದ ಜಾರ್ಜ್ ದ ಹೆವೆಶಿ ಎಂಬ ವಿಜ್ಞಾನಿಗೆ. ಅವರು 1911ರ ಹೊತ್ತಿಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಇದ್ದರು. ಊಟ ವಸತಿ ಒಬ್ಬ ಹೆಂಗಸಿನ ಮನೆಯಲ್ಲಿ, ನಮ್ಮ ಧಾರವಾಡದ ಖಾನಾವಳಿ ಹುಡುಗರ ಹಾಗೆಯೇ. ಆಕೆ ಹಿಂದಿನ ದಿನ ಉಳಿದದ್ದನ್ನೇ ಮರುದಿನ ಬಿಸಿ ಮಾಡಿ ಬಡಿಸುತ್ತಾಳೆ ಎಂಬ ಸಂಶಯ ಇವರಿಗೆ. ಆಕೆ ಒಪ್ಪಲಿಲ್ಲ. ಒಂದು ದಿನ ತಟ್ಟೆಯಲ್ಲಿ ಉಳಿದ ಅಡಿಗೆಗೆ ಸ್ವಲ್ಪವೇ ಸ್ವಲ್ಪ ವಿಕಿರಣ ವಸ್ತು ಬೆರೆಸಿಟ್ಟರು. ಕೆಲವು ದಿನಗಳ ನಂತರ ಬಡಿಸಿದ ಅಡಿಗೆಯನ್ನು ಉಪಕರಣದಿಂದ ಪರೀಕ್ಷಿಸಿದರೆ ಗುರುತು ಸಿಕ್ಕೇಬಿಟ್ಟಿತು ಎಂದು ಕಥೆ ಹೇಳುತ್ತಾರೆ. (ಅಡಿಗೆಗೆ ಬೆರೆಸಿದ್ದು ಸರಿ ಎಂದು ನಾನು ಹೇಳುತ್ತಿಲ್ಲ!) ಮುಂದೆ 1923ರಲ್ಲಿ ಇದೇ ವಿದ್ಯೆಯಿಂದ, ಗಿಡದ ಬೇರು ಹೀರಿದ ವಸ್ತು ಕಾಂಡ, ಎಲೆಗಳಿಗೆ ಹೇಗೆ ಹೋಗುತ್ತದೆ ಎಂದು ಅವರು ತೋರಿಸಿಕೊಟ್ಟರು. 1943ರ ಸಾಲಿನ ನೊಬೆಲ್ ಪ್ರಶಸ್ತಿ ಈ ಕೆಲಸಕ್ಕೇ ಬಂದದ್ದು. ಇಂದು ನಿಮಗೆ ಹಾಕುವ ಸೂಜಿಯ ಮೂಲ ಅಲ್ಲಿದೆ.

ಗಂಟು ಸಕ್ಕರೆ ಎಳೆಯುತ್ತದೆ

ಬಹಳ ಜಾತಿಯ ಕ್ಯಾನ್ಸರ್ ಗಂಟುಗಳು ಅಕ್ಕಪಕ್ಕದ ಜೀವಕೋಶಗಳಿಗಿಂತ ಹೆಚ್ಚು ಸಕ್ಕರೆಯನ್ನು, ಅಂದರೆ ಗ್ಲೂಕೋಸ್ ಅನ್ನು ಎಳೆದುಕೊಳ್ಳುತ್ತವೆ. ಇದನ್ನು 1920ರ ದಶಕದಲ್ಲಿ ಜರ್ಮನಿಯ ಓಟ್ಟೊ ವಾರ್‌ಬರ್ಗ್ ಗಮನಿಸಿದ್ದರು. ಹಾಗಾದರೆ ಸಕ್ಕರೆಗೇ ಗುರುತು ಹಚ್ಚಿ ಕಳಿಸಿದರೆ? ಅದೇ ಎಫ್‌ಡಿಜಿ. ಗ್ಲೂಕೋಸಿನ ಒಂದು ಭಾಗ ತೆಗೆದು ಆ ಜಾಗದಲ್ಲಿ ವಿಕಿರಣ ಸೂಸುವ ಫ್ಲೋರಿನ್-18 ಕೂಡಿಸಿರುತ್ತಾರೆ. 1976ರಲ್ಲಿ ಅಮೆರಿಕದಲ್ಲಿ ಇದನ್ನು ಮೊದಲ ಬಾರಿ ಮನುಷ್ಯರಿಗೆ ಕೊಟ್ಟರು. ಬ್ರೂಕ್‌ಹೇವನ್ ಎಂಬಲ್ಲಿ ತಯಾರಿಸಿ ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ಒಯ್ದಿದ್ದರು.

ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರ್ ಸಾಲು ನಿಲ್ಲುವುದನ್ನು ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಗೇಟಿನೊಳಗೆ ಹೋಗಬೇಕು, ಕಾಟಾ ಆಗಬೇಕು, ಆಮೇಲೆ ಕಬ್ಬು ಇಳಿಸಿ ನುರಿಸಬೇಕು. ಈಗ ಒಂದು ಟ್ರ್ಯಾಕ್ಟರ್ ಗೇಟು ದಾಟಿತು, ಕಾಟಾನೂ ಆಯಿತು, ಆದರೆ ಟ್ರಾಲಿಯ ಕೊಂಡಿ ಕೆಟ್ಟು ಕಬ್ಬು ಇಳಿಸಲು ಬರದಾಯಿತು ಎನ್ನಿ. ಹಿಂದೆ ಬರುವಂತಿಲ್ಲ, ಮುಂದೆ ಹೋಗುವಂತಿಲ್ಲ, ಒಳಗೇ ನಿಂತುಬಿಡುತ್ತದೆ. ಎಫ್‌ಡಿಜಿ ಕೂಡ ಹಾಗೆ. ಸಕ್ಕರೆ ಎಂದು ತಿಳಿದು ಜೀವಕೋಶ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಮೊದಲ ಹಂತ ನಡೆಯುತ್ತದೆ, ಮುಂದಿನ ಹಂತ ನಡೆಯುವುದಿಲ್ಲ. ಹೆಚ್ಚು ಸಕ್ಕರೆ ಎಳೆಯುವ ಗಂಟಿನಲ್ಲಿ ಇಂಥ ಟ್ರ್ಯಾಕ್ಟರುಗಳು ಹೆಚ್ಚು ಸೇರುತ್ತವೆ. ಅವು ಸೂಸುವ ಕಿರಣವನ್ನು ಬಳೆಯಾಕಾರದ ಯಂತ್ರ ಸುತ್ತಲಿಂದ ಹಿಡಿದು ಚಿತ್ರ ಮಾಡುತ್ತದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಈಗಲೇ ತೆಗೆದುಹಾಕೋಣ. "ಗಂಟು ಸಕ್ಕರಿ ತಿಂತೈತಿ ಅಂದ್ರ ಸಕ್ಕರಿ, ಬೆಲ್ಲ, ಅನ್ನ ಬಿಟ್ಟರ ಅದು ಸಾಯ್ತೈತೇನ್ರೀ?" ಇಲ್ಲ. ನೀವು ಸಕ್ಕರೆ ಬಿಟ್ಟರೂ ದೇಹ ರೊಟ್ಟಿಯಿಂದ ಗ್ಲೂಕೋಸ್ ಮಾಡುತ್ತದೆ, ರೊಟ್ಟಿ ಬಿಟ್ಟರೆ ತನ್ನ ಸ್ನಾಯುಗಳನ್ನೇ ಕರಗಿಸಿ ಮಾಡುತ್ತದೆ. ಸೊರಗುವುದು ರೋಗಿ, ಗಂಟಲ್ಲ. ಸೊರಗಿದ ರೋಗಿಗೆ ಕಿಮೋಥೆರಪಿ ತಡೆದುಕೊಳ್ಳುವುದು ಕಷ್ಟ. ಮಧುಮೇಹ ಇಲ್ಲದವರು ಸ್ಕ್ಯಾನಿನ ಹೊತ್ತು ಬಿಟ್ಟರೆ ಉಳಿದ ದಿನ ಎಂದಿನಂತೆ ಉಣ್ಣಬೇಕು.

ಅರ್ಧ ಕಪ್ ಚಹಾದ ಕಥೆ

ಈ ಕಥೆಯಲ್ಲಿ ತಪ್ಪು ನನ್ನದು. ರಾಮದುರ್ಗದ ಕಡೆಯ ಒಬ್ಬ ರೋಗಿಗೆ ಪೆಟ್ ಸ್ಕ್ಯಾನ್ ಬರೆದಿದ್ದರು. "ಉಪವಾಸ ಹೋಗಬೇಕು ಕಾಕಾ" ಎಂದು ಹೇಳಿ ಕಳಿಸಿದೆ. ನೂರು ಕಿಲೋಮೀಟರ್ ಹಾದಿ, ನಸುಕಿನ ಬಸ್ಸು ಹಿಡಿದು ಅಕ್ಕನ ಮಗನೊಂದಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು, ಸ್ಕ್ಯಾನ್ ಆಗಲಿಲ್ಲ ಎಂದು. ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಾಳೆಹಣ್ಣು, ಸಾಬೂದಾಣಿ ಖಿಚಡಿ, ಅರ್ಧ ಕಪ್ ಚಹಾ ಆಗಿತ್ತು. "ಉಪಾಸ ಅಂದಿದ್ರಿ, ಉಪಾಸದ್ದ ತಿಂದೇನಿ" ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ನಮ್ಮಲ್ಲಿ ಉಪವಾಸ ಎಂದರೆ ಅದೇ ಅಲ್ಲವೇ? ಅಂದಿನಿಂದ ನಾನು ಉಪವಾಸ ಎಂಬ ಶಬ್ದವನ್ನೇ ಬಿಟ್ಟಿದ್ದೇನೆ. ಪೆಟ್ ಸ್ಕ್ಯಾನಿಗೆ ಮುಂಚೆ ಕನಿಷ್ಠ 6 ತಾಸು ಬರಿ ನೀರು ಬಿಟ್ಟು ಬಾಯಿಗೆ ಏನೂ ಹಾಕಬಾರದು. ಚಹಾ ಇಲ್ಲ, ಹಾಲಿಲ್ಲ, ಹಣ್ಣಿಲ್ಲ, ಎಳನೀರಿಲ್ಲ, ಪ್ರಸಾದದ ಸಕ್ಕರೆಯೂ ಬೇಡ. ನೀರು ಮಾತ್ರ ಧಾರಾಳ ಕುಡಿಯಿರಿ. ಗ್ಲೂಕೋಸ್ ಸಲಾಯಿನ್ ಕೂಡ ನಡೆಯದು.

ಕಾರಣ ಇಷ್ಟೇ. ಹೊಟ್ಟೆಗೆ ಬಿದ್ದ ಸಕ್ಕರೆ ರಕ್ತಕ್ಕೆ ಬಂದರೆ, ಗುರುತಿನ ಸಕ್ಕರೆಗೆ ಗಂಟಿನೊಳಗೆ ಜಾಗ ಸಿಗುವುದಿಲ್ಲ. ಇನ್ಸುಲಿನ್ ಏರಿದರೆ ಗುರುತು ಸ್ನಾಯುಗಳಿಗೆ ಹೋಗುತ್ತದೆ. ಇರುವ ಗಂಟು ಚಿತ್ರದಲ್ಲಿ ಮಂಕಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಅದು, ರೋಗ ಇದ್ದೂ ಇಲ್ಲ ಎಂದು ಕಾಣುವುದು.

ಇನ್ನೊಂದು, ಈ ಔಷಧ ಕಪಾಟಿನಲ್ಲಿ ಇಟ್ಟು ನಾಳೆ ಕೊಡುವಂಥದ್ದಲ್ಲ. ಫ್ಲೋರಿನ್-18ರ ಶಕ್ತಿ ಪ್ರತಿ 110 ನಿಮಿಷಕ್ಕೆ ಅರ್ಧಕ್ಕೆ ಇಳಿಯುತ್ತದೆ. ಬೆಳಿಗ್ಗೆ 6 ಗಂಟೆಗೆ ಒಂದು ಪೂರ್ತಿ ರೊಟ್ಟಿ ಇತ್ತು ಎಂದುಕೊಳ್ಳಿ. 7 ಗಂಟೆ 50 ನಿಮಿಷಕ್ಕೆ ಅರ್ಧ, 9 ಗಂಟೆ 40 ನಿಮಿಷಕ್ಕೆ ಕಾಲು, 11.30ಕ್ಕೆ ಅರೆಪಾವಿನಷ್ಟು, ಅಂದರೆ ಎಂಟರಲ್ಲಿ ಒಂದು ಪಾಲು. ಇದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಎಲ್ಲ ಊರಲ್ಲಿ ಇರುವುದಿಲ್ಲ. ಇರುವ ಊರಿನಿಂದ ಸೀಸದ ಡಬ್ಬಿಯಲ್ಲಿಟ್ಟು ಗಾಡಿಯಲ್ಲೋ ವಿಮಾನದಲ್ಲೋ ತರುತ್ತಾರೆ, ಹಾದಿಯಲ್ಲೂ ಅದು ಕರಗುತ್ತಲೇ ಇರುತ್ತದೆ. ಅಂದಂದಿನ ರೋಗಿಗಳನ್ನು ಎಣಿಸಿಯೇ ತರಿಸಿರುತ್ತಾರೆ. ಆ ಕಾಕಾನ ಪಾಲಿನದು ಅಂದು ಡಬ್ಬಿಯಲ್ಲೇ ಕರಗಿಹೋಯಿತು. ಅವರಿಗೆ ಮುಂದಿನ ವಾರದ ತಾರೀಖು ಸಿಕ್ಕಿತು, ಹೋಗಿ ಬರುವ ಖರ್ಚು ಇಮ್ಮಡಿಯಾಯಿತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಆಸುಪಾಸಿನಲ್ಲಿ ತಾರೀಖು ಬಂದರೆ ಸವದತ್ತಿ ಎಲ್ಲಮ್ಮನ ಗುಡ್ಡದ ಜನಸಂದಣಿಯಲ್ಲಿ ಬಸ್ಸು ಸಿಗುವುದು ಕಷ್ಟ. ಹಿಂದಿನ ದಿನವೇ ಹೋಗಿ ಉಳಿಯುವುದು ಜಾಣತನ. ಸಿಹಿ ಗಂಟು ಕಟ್ಟಿಕೊಂಡು ಹೋಗಿ, ಆದರೆ ಬಿಚ್ಚುವುದು ಸ್ಕ್ಯಾನ್ ಮುಗಿದ ಮೇಲೆ.

ಮಧುಮೇಹ ಇರುವವರು ತಾರೀಖು ಗೊತ್ತುಮಾಡುವಾಗಲೇ ಹೇಳಬೇಕು. ರಕ್ತದ ಸಕ್ಕರೆ 200ಕ್ಕಿಂತ ಕೆಳಗಿರಬೇಕೆಂದು ಹೆಚ್ಚಿನ ಕಡೆ ಕೇಳುತ್ತಾರೆ. ಮೆಟ್‌ಫಾರ್ಮಿನ್ ಗುಳಿಗೆಯಿಂದ ಕರುಳು ಹೊಳೆದು ಕಾಣುವುದರಿಂದ ಕೆಲವರಿಗೆ ಎರಡು ದಿನ ನಿಲ್ಲಿಸಲು ಹೇಳುತ್ತಾರೆ. ಇನ್ಸುಲಿನ್ ಯಾವಾಗ ತೆಗೆದುಕೊಳ್ಳಬೇಕು ಎಂಬುದೂ ಡಾಕ್ಟರರೇ ಹೇಳಬೇಕಾದ ಮಾತು. ನೀವಾಗಿಯೇ ಬಿಡಬೇಡಿ.

ಸೂಜಿ ಹಾಕಿದ ಮೇಲೆ ಒಂದು ತಾಸು

ಹಿಂದಿನ ದಿನ ಕಳೆ ತೆಗೆಯುವುದು, ಹೊರೆ ಹೊರುವುದು, ಸೈಕಲ್ ತುಳಿಯುವುದು ಬೇಡ. ದುಡಿದ ಸ್ನಾಯು ಸಕ್ಕರೆ ಎಳೆಯುತ್ತದೆ. ಸೂಜಿ ಹಾಕಿದ ನಂತರ ಸುಮಾರು ಒಂದು ತಾಸು ಒಂದು ಕೋಣೆಯಲ್ಲಿ ಸುಮ್ಮನೆ ಮಲಗಲು ಹೇಳುತ್ತಾರೆ. ಸಂಬಂಧಿಕರನ್ನು ಒಳಗೆ ಬಿಡುವುದಿಲ್ಲ. ಅದನ್ನು ನೋಡಿ ಅಳುವವರಿದ್ದಾರೆ, ಸಿಟ್ಟಾಗುವವರೂ ಇದ್ದಾರೆ. ಮಾತಾಡಿದರೆ ಗಂಟಲಿನ ಸ್ನಾಯು ಚಿತ್ರದಲ್ಲಿ ಹೊಳೆಯುತ್ತದೆ, ಎಲೆ ಅಡಿಕೆ ಮೆಲ್ಲಿದರೆ ದವಡೆ ಹೊಳೆಯುತ್ತದೆ. ಫೋನ್ ಬೇಡ, ಅಡಿಕೆ ಚೀಲ ಹೊರಗೆ ಕೊಟ್ಟುಹೋಗಿ. ಚಳಿ ಹತ್ತಿದರೂ ಕುತ್ತಿಗೆ, ಹೆಗಲ ಹತ್ತಿರದ ಒಂದು ಬಗೆಯ ಕೊಬ್ಬು ಬೆಚ್ಚಗಾಗಲು ಸಕ್ಕರೆ ಸುಡುತ್ತದೆ, ಅದು ಗಂಟಿನ ಹಾಗೆ ಕಾಣುವ ಸಂಭವ ಇದೆ. ಆದ್ದರಿಂದ ಮನೆಯಿಂದ ಒಂದು ಕೌದಿ ಒಯ್ಯಿರಿ. ಸ್ಕ್ಯಾನ್ ಕೋಣೆಗಳು ಬಹಳ ತಂಪಿರುತ್ತವೆ. ಒಳಗೆ ಕರೆಯುವ ಮುನ್ನ ಮೂತ್ರ ಮಾಡಿ ಬನ್ನಿ. ಯಂತ್ರದಲ್ಲಿ ನೋವಿಲ್ಲ, ಅಲುಗಾಡದೆ ಮಲಗುವುದೇ ಕೆಲಸ.

ಬೋನ್ ಸ್ಕ್ಯಾನಿನ ಆಕಳು

ಸ್ತನ, ಪ್ರೊಸ್ಟೇಟ್ ಮುಂತಾದ ಕ್ಯಾನ್ಸರ್ ಎಲುಬಿಗೆ ಹಬ್ಬಿದೆಯೇ ಎಂದು ನೋಡಲು ಬೋನ್ ಸ್ಕ್ಯಾನ್ ಮಾಡುತ್ತಾರೆ. ಇದರ ಗುರುತು ಬೇರೆ, ಟೆಕ್ನೀಶಿಯಂ-99ಎಂ. ಇದನ್ನು ಪಡೆಯುವ ರೀತಿ ನಮ್ಮ ರೈತರಿಗೆ ಹಿಡಿಸುತ್ತದೆ. ಆಸ್ಪತ್ರೆಗೆ ಒಂದು ಸೀಸದ ಪಾತ್ರೆ ಬರುತ್ತದೆ. ಅದರೊಳಗೆ ಮಾಲಿಬ್ಡಿನಂ-99 ಎಂಬ ತಾಯಿ ವಸ್ತು ಇದ್ದು ಅದರಿಂದ ಟೆಕ್ನೀಶಿಯಂ ತಾನಾಗಿಯೇ ಹುಟ್ಟುತ್ತಿರುತ್ತದೆ. ಬೆಳಿಗ್ಗೆ ಸಲಾಯಿನ್ ಹಾಯಿಸಿದರೆ ಟೆಕ್ನೀಶಿಯಂ ಹೊರಗೆ ಬರುತ್ತದೆ, ಮರುದಿನದ ಹೊತ್ತಿಗೆ ಮತ್ತೆ ತುಂಬಿಕೊಳ್ಳುತ್ತದೆ. ಈ ಪಾತ್ರೆಗೆ ಜಗತ್ತಿನ ಎಲ್ಲ ಕಡೆಯ ತಂತ್ರಜ್ಞರು "ಆಕಳು" ಎಂದೇ ಕರೆಯುತ್ತಾರೆ, ತೆಗೆಯುವ ಕೆಲಸಕ್ಕೆ "ಹಾಲು ಕರೆಯುವುದು" ಎನ್ನುತ್ತಾರೆ. ಆದರೆ ಈ ಆಕಳು ಬೇಗ ಬತ್ತುತ್ತದೆ. ತಾಯಿ ವಸ್ತು 66 ತಾಸಿಗೆ ಅರ್ಧವಾಗುವುದರಿಂದ ಒಂದೆರಡು ವಾರದಲ್ಲಿ ಹೊಸದು ತರಿಸಬೇಕು. ನವಿ ಮುಂಬೈನ ವಾಶಿಯಲ್ಲಿರುವ ಕೇಂದ್ರ ಸರ್ಕಾರದ ಬ್ರಿಟ್ ಸಂಸ್ಥೆ ಇವನ್ನು ದೇಶದ ಆಸ್ಪತ್ರೆಗಳಿಗೆ ಒದಗಿಸುತ್ತದೆ. 2009ರಲ್ಲಿ ಕೆನಡಾದ ಒಂದು ಹಳೆಯ ರಿಯಾಕ್ಟರ್ ಕೆಟ್ಟು ವರ್ಷಕ್ಕೂ ಮೇಲ್ಪಟ್ಟು ನಿಂತಾಗ ಜಗತ್ತಿನ ಎಷ್ಟೋ ದೇಶಗಳಲ್ಲಿ ಸ್ಕ್ಯಾನ್‌ಗಳು ಮುಂದೆ ಹೋಗಿದ್ದವು. ನಿಮ್ಮ ತಾರೀಖು ಎಂದಾದರೂ ಮುಂದೆ ಹೋದರೆ ಇಂಥದೇ ಕಾರಣ ಇರಬಹುದು.

ಬೋನ್ ಸ್ಕ್ಯಾನಿಗೆ ಹಸಿದು ಹೋಗಬೇಕಿಲ್ಲ. ಪೆಟ್ ಸ್ಕ್ಯಾನಿನ ನಿಯಮವನ್ನೇ ಇದಕ್ಕೂ ಹಚ್ಚಿ ವಯಸ್ಸಾದವರನ್ನು ಹಸಿದಿಟ್ಟು ಕರೆತರುವುದನ್ನು ನೋಡಿದ್ದೇನೆ. ನಾಷ್ಟಾ ಮಾಡಿಯೇ ಹೋಗಿ. ಸೂಜಿ ಹಾಕಿದ ಮೇಲೆ ಔಷಧ ಎಲುಬಿಗೆ ಸೇರಲು ಸುಮಾರು 3 ತಾಸು ಬೇಕು. ಆ ಹೊತ್ತಿನಲ್ಲಿ ನೀರು ಚೆನ್ನಾಗಿ ಕುಡಿದು ಪದೇ ಪದೇ ಮೂತ್ರ ಮಾಡಬೇಕು.

ಮನೆಗೆ ಬಂದ ಮೇಲೆ ಮುಟ್ಟಬಹುದೇ?

ಬೋನ್ ಸ್ಕ್ಯಾನ್ ಮಾಡಿಸಿಕೊಂಡು ಬಂದ ಒಬ್ಬ ಅಜ್ಜಿಯನ್ನು ಮನೆಯವರು ಮೂರು ವಾರ ಹಿತ್ತಲ ಕೋಣೆಯಲ್ಲಿ ಇಟ್ಟಿದ್ದರು. ತಟ್ಟೆ ಬೇರೆ, ಲೋಟ ಬೇರೆ, ಮೊಮ್ಮಕ್ಕಳು ಬಾಗಿಲಿಗೂ ಹೋಗಬಾರದು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಹೆದರಿಕೆ ಅಷ್ಟೇ. ಮುಂದಿನ ತಪಾಸಣೆಗೆ ಬಂದಾಗ ಆಯಿ ತೂಕ ಇಳಿದಿದ್ದರು. "ಊಟ ಯಾಕ ಸೇರವಲ್ದು ಆಯಿ?" ಎಂದು ಕೇಳಿದರೆ, "ಒಬ್ಬಾಕಿನ ಕುಂತು ಎಷ್ಟ ಉಣ್ಣಲೆವ್ವಾ" ಎಂದರು.

ದಯವಿಟ್ಟು ಹೀಗೆ ಮಾಡಬೇಡಿ. ಟೆಕ್ನೀಶಿಯಂ 6 ತಾಸಿಗೆ ಅರ್ಧವಾಗುತ್ತದೆ, ಒಂದು ದಿನ ಕಳೆದರೆ ಹದಿನಾರರಲ್ಲಿ ಒಂದು ಪಾಲು ಉಳಿಯುತ್ತದೆ. ಮೂತ್ರದಲ್ಲಿ ಹೋಗುವುದು ಬೇರೆ. ಪೆಟ್ ಸ್ಕ್ಯಾನಿನ ಫ್ಲೋರಿನ್ ಒಂದು ದಿನಕ್ಕೆ ಎಂಟು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆಯಾಗುತ್ತದೆ. ಇದು ಕೆಮ್ಮಿನಿಂದ ಹರಡುವ ರೋಗವಲ್ಲ. ಬಟ್ಟೆ ಸುಡಬೇಕಿಲ್ಲ, ಪಾತ್ರೆ ಬೇರೆ ಮಾಡಬೇಕಿಲ್ಲ. ಪೆಟ್ ಸ್ಕ್ಯಾನ್ ಆದ ದಿನ 6ರಿಂದ 8 ತಾಸು, ಬೋನ್ ಸ್ಕ್ಯಾನ್ ಆದರೆ ಮರುದಿನದವರೆಗೆ, ಬಸುರಿಯರ ಮಗ್ಗುಲಲ್ಲಿ ಬಹಳ ಹೊತ್ತು ಕೂಡುವುದು, ಸಣ್ಣ ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುವುದು ಬೇಡ. ಹಾಯ್ದು ಹೋದರೆ, ಕೈ ಹಿಡಿದರೆ ಏನೂ ಆಗುವುದಿಲ್ಲ. ಜೊತೆಗೆ ಬರುವವರಲ್ಲಿ ಬಸುರಿಯರು ಬೇಡ. ಮೂತ್ರ ಮಾಡಿದ ಮೇಲೆ ಎರಡು ಬಕೆಟ್ ನೀರು ಹಾಕಿ, ಸಾಬೂನಿನಿಂದ ಕೈ ತೊಳೆಯಿರಿ. ಗಂಡಸರು ಕೂತು ಮೂತ್ರ ಮಾಡಿದರೆ ಸಿಡಿಯುವುದಿಲ್ಲ.

ಎಷ್ಟು ವಿಕಿರಣ ಎಂದು ಕೇಳುವವರಿಗೆ: ನೆಲ, ಗಾಳಿ, ಆಕಾಶದಿಂದ ಜಗತ್ತಿನ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಾನಾಗಿಯೇ ಬರುತ್ತದೆ. ಒಂದು ಬೋನ್ ಸ್ಕ್ಯಾನಿನದು 4ರ ಆಸುಪಾಸು. ಪೆಟ್ ಸ್ಕ್ಯಾನಿನ ಸೂಜಿಯದು ಅದಕ್ಕಿಂತ ಸ್ವಲ್ಪ ಹೆಚ್ಚು, ಜೊತೆಗೆ ಮಾಡುವ ಸಿ.ಟಿ.ಯದು ಬೇರೆ ಸೇರುತ್ತದೆ. ಸೊನ್ನೆ ಅಲ್ಲ, ಆದ್ದರಿಂದಲೇ ಕಾರಣವಿಲ್ಲದೆ ಬರೆಯುವುದಿಲ್ಲ. ಇಂಥ ವಿಭಾಗಗಳು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಿಗೆ ಪಡೆದೇ ನಡೆಯಬೇಕು. ಹೆಣ್ಣುಮಕ್ಕಳಿಗೆ ಮುಟ್ಟಿನ ತಾರೀಖು ಕೇಳುತ್ತಾರೆ, ಸಿಟ್ಟಾಗಬೇಡಿ, ನಾಚಬೇಡಿ. ಬಸುರಿ ಇರುವ ಸಂಶಯವಿದ್ದರೂ, ಮಗುವಿಗೆ ಹಾಲೂಡಿಸುತ್ತಿದ್ದರೂ ಸೂಜಿಗೆ ಮೊದಲೇ ಹೇಳಿ. ಥೈರಾಯ್ಡ್ ಕ್ಯಾನ್ಸರಿಗೆ ಕೊಡುವ ಅಯೋಡಿನ್-131ರ ಚಿಕಿತ್ಸೆ ಮಾತ್ರ ಬೇರೆ ಲೆಕ್ಕ. ಅದು 8 ದಿನಕ್ಕೆ ಅರ್ಧವಾಗುವಂಥದ್ದು, ಪ್ರತ್ಯೇಕ ಕೋಣೆ ಬೇಕು, ನಿಯಮಗಳೂ ಬಿಗಿ. ಅದನ್ನು ನೋಡಿ ಬಂದವರು ಹೇಳಿದ ಮಾತು ಇದಕ್ಕೆ ಹಚ್ಚಬೇಡಿ.

ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ

ರಿಪೋರ್ಟಿಗೆ ಮೊದಲು ಫಿಲ್ಮ್ ಕೈಗೆ ಬಂದರೆ ಮನೆಯವರೇ ಬೆಳಕಿಗೆ ಹಿಡಿದು ಚುಕ್ಕೆ ಎಣಿಸುತ್ತಾರೆ. ಮಿದುಳು ಸದಾ ಸಕ್ಕರೆ ತಿನ್ನುತ್ತದೆ, ಹಾಗಾಗಿ ಹೊಳೆಯುತ್ತದೆ. ಮೂತ್ರಕೋಶದಲ್ಲಿ ಔಷಧ ಸಂಗ್ರಹವಾಗುತ್ತದೆ, ಅದೂ ಹೊಳೆಯುತ್ತದೆ. ಟಿ.ಬಿ. ಗಂಟು, ಕೀವು, ಹೊಸ ಆಪರೇಶನ್ ಗಾಯ ಎಲ್ಲವೂ ಹೊಳೆಯುತ್ತವೆ. ನಮ್ಮಲ್ಲಿ ಟಿ.ಬಿ. ಇನ್ನೂ ಇರುವುದರಿಂದ ಇದು ಸಣ್ಣ ಮಾತಲ್ಲ, ಎಷ್ಟೋ ಸಲ ತುಣುಕು ತೆಗೆದು ಪರೀಕ್ಷಿಸಿಯೇ ತೀರ್ಮಾನಿಸಬೇಕಾಗುತ್ತದೆ. ಬೋನ್ ಸ್ಕ್ಯಾನಿನಲ್ಲಿ ಸವೆದ ಮೊಣಕಾಲು, ಹಳೆಯ ಮುರಿತ ಕೂಡ ಕಪ್ಪಾಗಿ ಕಾಣುತ್ತವೆ. ಇದಕ್ಕೆ ವಿರುದ್ಧವಾಗಿ, ಬಹಳ ಸಣ್ಣ ಗಂಟು, ನಿಧಾನ ಬೆಳೆಯುವ ಕೆಲವು ಗಂಟುಗಳು ಹೊಳೆಯದೆ ತಪ್ಪಿಸಿಕೊಳ್ಳಬಹುದು.

ಒಳ್ಳೆಯ ಸುದ್ದಿಯೂ ಇದರಿಂದಲೇ ಬರುತ್ತದೆ. ಲಿಂಫೋಮಾ ಎಂಬ ಕ್ಯಾನ್ಸರಿಗೆ ಕಿಮೋಥೆರಪಿ ಮುಗಿದ ಮೇಲೂ ಸಿ.ಟಿ.ಯಲ್ಲಿ ಗಂಟು ಹಾಗೇ ಕಾಣಬಹುದು. ಪೆಟ್ ಸ್ಕ್ಯಾನಿನಲ್ಲಿ ಅದು ಹೊಳೆಯದಿದ್ದರೆ, ಉಳಿದದ್ದು ಹೆಚ್ಚಾಗಿ ಒಣಗಿದ ಕಲೆ ಮಾತ್ರ. ಹಾಗೆಯೇ ದೊಡ್ಡ ಆಪರೇಶನ್‌ಗೆ ಹೊಲ ಒತ್ತೆ ಇಡಲು ಹೊರಟವರಿಗೆ, ರೋಗ ಬೇರೆ ಕಡೆ ಹಬ್ಬಿದೆ, ಆಪರೇಶನ್‌ನಿಂದ ಲಾಭವಿಲ್ಲ, ಔಷಧದ ದಾರಿ ಹಿಡಿಯೋಣ ಎಂದು ಮೊದಲೇ ಹೇಳಬಹುದು. ಕೇಳಲು ಕಷ್ಟದ ಮಾತು. ಆದರೆ ಹೊಟ್ಟೆ ಕೊಯ್ದ ಮೇಲೆ ತಿಳಿಯುವುದಕ್ಕಿಂತ ಮೊದಲು ತಿಳಿಯುವುದು ಲೇಸು.

ಸಂಶೋಧನೆಗೆ ಸೇರುತ್ತೀರಾ ಎಂದು ಕೇಳಿದರೆ

ನಮ್ಮ ಭಾಗದಿಂದ ಎಷ್ಟೋ ಮಂದಿ ಮುಂಬೈನ ಟಾಟಾ ಆಸ್ಪತ್ರೆಗೆ ಹೋಗುತ್ತಾರೆ. ಅದೇ ಆವರಣಕ್ಕೆ ಸೇರಿದ ಪರೇಲಿನ ರೇಡಿಯೇಶನ್ ಮೆಡಿಸಿನ್ ಸೆಂಟರ್‌ನಲ್ಲಿ 2002ರಲ್ಲಿ ದೇಶದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ ಮತ್ತು ಪೆಟ್ ಸ್ಕ್ಯಾನ್ ಶುರುವಾಯಿತು. ಆಮೇಲೆ ಹೊಸ ಹೊಸ ಗುರುತುಗಳು ಬಂದಿವೆ. ಪ್ರೊಸ್ಟೇಟ್ ಕ್ಯಾನ್ಸರಿನ ಗಂಟಿಗೇ ಅಂಟುವ, ಗ್ಯಾಲಿಯಂ-68 ಕೂಡಿಸಿದ ಔಷಧ ಅವುಗಳಲ್ಲಿ ಒಂದು. ಇಂಥದ್ದು ಬಳಕೆಗೆ ಬರುವ ಮೊದಲು ರೋಗಿಗಳ ಒಪ್ಪಿಗೆ ಪಡೆದು ಪರೀಕ್ಷಿಸಲೇಬೇಕು. ದೊಡ್ಡ ಆಸ್ಪತ್ರೆಯಲ್ಲಿ ನಿಮ್ಮನ್ನೂ ಕೇಳಬಹುದು. ಆಗ ನಿಮಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ಪತ್ರ ಕೊಡಬೇಕು, ಓದಲು ಬರದಿದ್ದರೆ ಸಾಕ್ಷಿಯ ಮುಂದೆ ಓದಿ ಹೇಳಬೇಕು. ಒಲ್ಲೆ ಎನ್ನಬಹುದು, ಒಪ್ಪಿ ನಡುವೆ ಬಿಡಲೂಬಹುದು, ಅದರಿಂದ ನಿಮ್ಮ ಎಂದಿನ ಚಿಕಿತ್ಸೆಗೆ ತೊಂದರೆ ಆಗಕೂಡದು. ಔಷಧದ ಇಂಥ ಪರೀಕ್ಷೆಗಳನ್ನು 2009ರಿಂದ ಕೇಂದ್ರದ ನೋಂದಣಿ ಪುಸ್ತಕದಲ್ಲಿ ದಾಖಲಿಸುವುದು ಕಡ್ಡಾಯವಾಗಿದೆ. "ನೋಂದಣಿ ಸಂಖ್ಯೆ ಎಷ್ಟು?" ಎಂದು ಕೇಳಲು ಅಂಜಬೇಡಿ. ಹೆಬ್ಬೆಟ್ಟು ಒತ್ತುವ ಮೊದಲು ಅಂದೇ ಉತ್ತರ ಕೊಡಬೇಕೆಂದೇನಿಲ್ಲ, ಊರಿಗೆ ಬಂದು ಮನೆಯವರನ್ನು ಕೇಳಿ ಹೇಳುತ್ತೇನೆ ಎನ್ನಿ.

ಹೋಗುವಾಗ ಹಳೆಯ ಸಿ.ಟಿ., ಎಮ್.ಆರ್.ಐ. ಫಿಲ್ಮ್ ಮತ್ತು ಸಿ.ಡಿ., ಬಯಾಪ್ಸಿ ರಿಪೋರ್ಟ್, ಕಿಮೋಥೆರಪಿಯ ಕೊನೆಯ ತಾರೀಖು ಬರೆದ ಚೀಟಿ, ರೇಶನ್ ಕಾರ್ಡ್, ಆಧಾರ್ ಕಾರ್ಡ್ ಒಂದೇ ಚೀಲದಲ್ಲಿ ಇರಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮ್ಮ ಪರೀಕ್ಷೆಗೆ ಏನು ಸಿಗುತ್ತದೆ ಎಂಬುದನ್ನು ಹೊರಡುವ ಮೊದಲೇ ಆರೋಗ್ಯಮಿತ್ರರಲ್ಲಿ ಕೇಳಿ, ಅಲ್ಲಿಗೆ ಹೋದ ಮೇಲೆ ಅಲ್ಲ. ತಾಳಿ, ಬಳೆ, ಕಿವಿಯೋಲೆ ತೆಗೆಯಲು ಹೇಳುವ ಸಂಭವ ಇರುವುದರಿಂದ ಬೆಲೆಬಾಳುವುದನ್ನು ಮನೆಯಲ್ಲೇ ಇಟ್ಟುಹೋಗಿ. ಎಷ್ಟು ಗಂಟೆಯಿಂದ ಬಾಯಿಗೆ ಏನೂ ಹಾಕಬಾರದು ಎಂಬುದನ್ನು ಹಿಂದಿನ ದಿನವೇ ವಾರ್ಡಿನ ಸಿಸ್ಟರ್ ಕೈಯಲ್ಲಿ ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ. ಆ ಚೀಟಿ ರೋಗಿಯ ಕಿಸೆಯಲ್ಲಿ ಬೇಡ, ಬಸ್‌ಸ್ಟ್ಯಾಂಡಿನಲ್ಲಿ ಚಹಾ ತರಲು ಏಳುವವರ ಕಿಸೆಯಲ್ಲಿ ಇರಲಿ.